ಒಂದೇ ಹಲ್ಲು ಎರಡು ಸಲ

ಗಾಳೇಶನ ಅಜ್ಜ ಸತ್ತದ್ದು ಐಸ್ ಹಾಕಿಯಿಂದ. ಆ ಆಟವನ್ನು ಅಜ್ಜ ಒಂದು ದಿನವೂ ನೋಡಿದವನಲ್ಲ; ಎರಡೂ ಕಣ್ಣಿಗೆ ಪೊರೆ ಬಂದು ಐದು ವರ್ಷವಾಗಿತ್ತು. ಆದರೂ ಅವನನ್ನು ಕೊಂದದ್ದು ಆ ಆಟ, ಮತ್ತು ಆ ಆಟವನ್ನು ಸಿದ್ದಾಪುರಕ್ಕೆ ತಂದು ಬಿಟ್ಟ ಕೇಬಲ್ ವಿರುಪಣ್ಣ. ಇದರಲ್ಲಿ ಗಾಳೇಶನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ವಿರುಪಣ್ಣನಿಗೆ ಏನು ಮಾಡಬೇಕು ಎಂಬುದೊಂದೇ ಅವನಿಗೆ ಗೊತ್ತಾಗದೆ ಉಳಿದಿತ್ತು.

ಅದು ಎರಡು ಸಾವಿರದ ಇಸವಿಯ ಬೇಸಿಗೆ. ಎರಡನೇ ಬೆಳೆಯ ಭತ್ತ ಮನೆ ಸೇರಿತ್ತು, ಕಾಲುವೆ ಬಂದ್ ಆಗಿತ್ತು. ಮತ್ತೆ ನೀರು ಬಿಡುವ ತನಕ ಊರ ಗಂಡಸರಿಗೆ ಮೆಹಬೂಬಸಾಬನ ಹೋಟೆಲಿನ ಬೆಂಚು ಬಿಟ್ಟರೆ ಬೇರೆ ಜಾಗವಿಲ್ಲ. ಹೊರಗೆ ನೆಲ ಕಾದ ಹಂಚಿನ ಹಾಗೆ ಸುಡುತ್ತಿರುವಾಗ, ಮಂಡಾಳ ಒಗ್ಗರಣೆ ಮುಕ್ಕುತ್ತ ಅವರು ಟಿವಿಯಲ್ಲಿ ಬರ್ಫದ ಮೇಲೆ ಜಾರುವ ಮಂದಿಯನ್ನು ನೋಡುತ್ತಿದ್ದರು. ಸಂಜೆ ಐದಕ್ಕೆ ಆಟ ಶುರು. ನೋಡಿದರೇ ಮೈ ತಂಪಾಗುತ್ತಿತ್ತು. ಕೋಲು ಹಿಡಿದವರು ಕರಿ ಬಿಲ್ಲೆಯೊಂದನ್ನು ಅಟ್ಟಿಸಿಕೊಂಡು ಹೋಗುವುದು, ಗೋಡೆಗೆ ಹಾಯುವುದು, ಆಮೇಲೆ ಸಿಟ್ಟು ನೆತ್ತಿಗೇರಿ ಕೈಗವಸು ಕಿತ್ತೆಸೆದು ಬರಿಗೈಯಲ್ಲಿ ಬಡಿದಾಡುವುದು. ಬಡಿದಾಡಿದವರನ್ನು ಒಂದು ಗಾಜಿನ ಡಬ್ಬಿಯಲ್ಲಿ ಐದು ನಿಮಿಷ ಕೂಡಿಸಿ ಮತ್ತೆ ಆಟಕ್ಕೆ ಬಿಡುತ್ತಿದ್ದರು. "ನಮ್ಮ ಪೊಲೀಸರೂ ಹಿಂಗ ಐದು ನಿಮಿಷಕ್ಕ ಬಿಟ್ರ ಎಷ್ಟು ಛಲೋ ಇತ್ತಲೇ" ಎಂದು ಬೆಂಚಿನವರು ನಗುತ್ತಿದ್ದರು.

ಊರಿಗೆ ಇದ್ದದ್ದು ಒಂದೇ ಡಿಶ್ಶು, ವಿರುಪಣ್ಣನ ಮಾಳಿಗೆ ಮೇಲೆ. ಅದರ ಕೆಳಗೆ ಒಂದು ಖೋಲಿ. ಅಲ್ಲಿಂದ ಮನೆಮನೆಗೂ ವೈರು. ಏಳನೇ ಇಯತ್ತೆಗೇ ಸಾಲೆ ಬಿಟ್ಟಿದ್ದ ಗಾಳೇಶ ಅದೇ ವಿರುಪಣ್ಣನ ಕೈಕೆಳಗೆ ಕಂಬ ಹತ್ತಿ ವೈರು ಕಟ್ಟುವ ಕೆಲಸಕ್ಕಿದ್ದ. ಮಧ್ಯಾಹ್ನ ಎರಡು ಗಂಟೆಯ ಸಿನಿಮಾಕ್ಕೆ ಕ್ಯಾಸೆಟ್ ಹಾಕುವುದೂ ಅವನೇ. ಕೇಬಲ್ ಶುರುವಾಗುತ್ತಿದ್ದುದು ಬೆಳಿಗ್ಗೆ ಒಂಬತ್ತಕ್ಕೆ. ಅದಕ್ಕೆ ಮೊದಲು ವಿರುಪಣ್ಣ ಒಬ್ಬನೇ ಖೋಲಿಯ ಬಾಗಿಲು ಹಾಕಿಕೊಂಡು ಪೂಜೆ ಮಾಡುತ್ತಾನೆ ಎಂದು ಊರಿಗೆಲ್ಲ ಗೊತ್ತಿತ್ತು.

ಐಸ್ ಹಾಕಿಯ ಮೇಲೆ ಪಣ ಕಟ್ಟುವುದನ್ನು ಕಲಿಸಿದ್ದು ವಿರುಪಣ್ಣನೇ. ದುಡ್ಡಿನ ಪಣವಲ್ಲ. ಸೋತವನು ಕತ್ತೆ ಹಾಗೆ ಕೂಗಬೇಕು, ಇಲ್ಲವೆ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಬೇವಿನ ಮರ ಸುತ್ತಬೇಕು, ಹೀಗೆ. ಗೆಲ್ಲುತ್ತಿದ್ದುದು ಮಾತ್ರ ಯಾವಾಗಲೂ ವಿರುಪಣ್ಣ. ಹತ್ತರಲ್ಲಿ ಒಂದು ಸೋಲುತ್ತಿದ್ದ, ಅದೂ ಸಣ್ಣ ಪಣವಿದ್ದಾಗ.

ಎದುರಿನ ಕ್ಷೌರದಂಗಡಿಯ ಗ್ಯಾನಪ್ಪ ಒಮ್ಮೆ ಕೇಳಿದ್ದ: "ಅಲ್ಲೋ ವಿರುಪಣ್ಣ, ನಮಗ ಸಂಜಿ ಆದ್ರ ಅಮೆರಿಕಾದಾಗ ಮುಂಜಾನಿ ಅಂತಾರ. ಅಷ್ಟೊಂದು ಮಂದಿ ಮುಂಜಾನಿ ಎದ್ದು ಆಟ ನೋಡಾಕ ಬರ್ತಾರೇನು? ಅವರಿಗೆ ಹೊಲ ಮನಿ ಇಲ್ಲೇನು?"

"ಬರ್ಪಿನ ಆಟ ಮುಂಜಾನಿನ ಆಡಬೇಕಲೇ," ಎಂದಿದ್ದ ವಿರುಪಣ್ಣ. "ಬಿಸಲು ಏರಿತಂದ್ರ ಕರಗಿ ಹೋಗಂಗಿಲ್ಲೇನು?"

ಹೋಟೆಲಿಗೆ ಹೋಟೆಲೇ ತಲೆದೂಗಿತ್ತು. ಹೌದು ಬಿಡು, ಬರ್ಫ ಅಂದಮೇಲೆ ಕರಗಲೇಬೇಕು.

ಗಾಳೇಶನ ಅಪ್ಪ ಹನುಮಂತಪ್ಪ ಪಣದ ತಂಟೆಗೆ ಹೋಗುವವನಲ್ಲ. ಎತ್ತರದ ಆಳು, ಮಾತು ಕಡಿಮೆ, ಮೀಸೆ ಮಾತ್ರ ಕೆನ್ನೆಯ ಅರ್ಧದ ತನಕ. ದೊಡ್ಡಾಟದಲ್ಲಿ ಭೀಮನ ವೇಷ ಅವನದೇ. ಬಣ್ಣ ಬಳಿಯುವವನಿಗೆ ಮೀಸೆ ಬರೆಯುವ ಗೋಜೇ ಇರಲಿಲ್ಲ. ಕೊಯ್ಲು ಮುಗಿದ ವಾರ ಒಂದು ಸಂಜೆ ಚಹಾ ಕುಡಿಯಲು ಹೋದವನನ್ನು ವಿರುಪಣ್ಣ ಹಿಡಿದುಕೊಂಡ.

"ಬಾರಪ್ಪ ಹನುಮಂತಪ್ಪ. ಇವತ್ತು ಮೀಸಿಗೆ ಮೀಸಿ ಕಟ್ಟೋಣು. ಊರಾಗ ಮೀಸಿ ಅಂತ ಇರಾವು ಎರಡ, ನಂದೊಂದು ನಿಂದೊಂದು."

"ನನಗ ಆ ಆಟ ತಿಳಿಯಂಗಿಲ್ಲೋ ಮಾರಾಯ."

"ತಿಳೀದ ಏನೈತಿ? ನೀಲಿ ಅಂಗಿ, ಬಿಳಿ ಅಂಗಿ. ಮೊದಲು ನೀನ ಆರಿಸ್ಕೊ. ಹೂಂ ಅಂತಿ ಏನು? ಬ್ಯಾಡ ಬಿಡು. ಆಟದಾಗ ಭೀಮ, ಹೋಟೆಲ್ಯಾಗ ಉತ್ತರಕುಮಾರ."

ಬೆಂಚಿನವರು ಹೋ ಎಂದರು. ಹನುಮಂತಪ್ಪನ ಕಿವಿ ಕೆಂಪಾದವು. "ಕಟ್ಟೀನಿ ತಗೋ. ನೀನ ಆರಿಸು," ಎಂದುಬಿಟ್ಟ. ಅವನ ಸ್ವಭಾವ ವಿರುಪಣ್ಣನಿಗೆ ಗೊತ್ತಿತ್ತು. ಮೊದಲು ಆರಿಸು ಎಂದರೆ ಆ ಮನುಷ್ಯ ಎಂದೂ ಮೊದಲು ಆರಿಸುವವನಲ್ಲ.

ಸೋಲುವುದು ಕಾಣತೊಡಗಿದಾಗ ಹನುಮಂತಪ್ಪ ಏಳಲು ಹೋದ. ವಿರುಪಣ್ಣ ಅವನ ಹೆಗಲ ಟವೆಲ್ ಹಿಡಿದು ಜಗ್ಗಿ ಕೂಡಿಸಿದ. "ಪಣ ಕಟ್ಟಿದಾವ ಆಟ ಮುಗಿಯೂತನ ಬೆಂಚು ಬಿಟ್ಟು ಏಳಂಗಿಲ್ಲ. ಇದು ಇವತ್ತಿನಿಂದ ಕಾಯ್ದೆ. ಏನ್ ಮೆಹಬೂಬಸಾಬ?" ಆಟ ಮುಗಿದ ಮೇಲೆ ಗ್ಯಾನಪ್ಪನ ಪೆಟ್ಟಿಗೆ ಬಂತು. ಬೇವಿನ ಮರದ ಕೆಳಗೆ, ನಲವತ್ತು ಜನರ ಮುಂದೆ, ಹನುಮಂತಪ್ಪ ಕಣ್ಣು ಮುಚ್ಚಿ ಕೂತ. ಆ ಹೊತ್ತಿಗೆ ಗಾಳೇಶ ಹೊರವಲಯದ ಕಂಬವೊಂದರ ಮೇಲಿದ್ದ. ಕೆಳಗೆ ಹೋಗುವವನೊಬ್ಬ ಕೂಗಿ ಹೇಳಿದ: "ಲೇ ಗಾಳ್ಯಾ, ನಿಮ್ಮಪ್ಪನ ಮೀಸಿ ಹೋತು!"

ಅವತ್ತು ಅಷ್ಟೇ ಆಗಿದ್ದರೆ ಮೀಸೆ ಮತ್ತೆ ಬೆಳೆಯುತ್ತಿತ್ತು, ಗಾಳೇಶನ ಸಿಟ್ಟು ಇಳಿಯುತ್ತಿತ್ತು.

ಅಜ್ಜನಿಗೆ ದಿನಾ ಸಂಜೆ ನುಚ್ಚು ಮಜ್ಜಿಗೆ ಉಣ್ಣಿಸುತ್ತಿದ್ದವನು ಹನುಮಂತಪ್ಪ. ಉಂಡಾದ ಮೇಲೆ ಅಜ್ಜ ಮಗನ ಮುಖದ ಮೇಲೆ ಕೈಯಾಡಿಸುತ್ತಿದ್ದ; ಕಣ್ಣಿಲ್ಲದವನ ನೋಟ ಅದು. ಅವತ್ತು ಕೈ ತುಟಿಯ ಮೇಲೆ ಬಂದು ನಿಂತಿತು. ಮತ್ತೊಮ್ಮೆ ತಡವಿತು. ಅಜ್ಜ ಬಹಳ ಮೆಲ್ಲಗೆ ಕೇಳಿದ:

"ಯಾರು ಸತ್ತಾರೋ? ನಾನಾ?"

ಹನುಮಂತಪ್ಪ ಬಟ್ಟಲು ಕೆಳಗಿಟ್ಟ.

"ಅಪ್ಪ ಸತ್ತಾಗ ಮಗ ತಗಸೂ ಮೀಸಿ ಅದು. ನಾ ಇನ್ನಾ ಉಸಿರಾಡಾಕತ್ತೀನಿ. ನನ್ನ ಪಾಲಿನ ಮೀಸಿ ಯಾರಿಗೆ ಕೊಟ್ಟು ಬಂದ್ಯೋ ತಮ್ಮಾ?"

ಮರುದಿನದಿಂದ ಅಜ್ಜ ಬಟ್ಟಲನ್ನು ದೂಡಿದ. ಬೈಯಲಿಲ್ಲ, ಅಳಲಿಲ್ಲ. ಮಗ ತೆಗೆಸಿದ್ದಾನೆ ಎಂದಮೇಲೆ ತಾನು ಹೋಗಬೇಕಾದದ್ದೇ ಎನ್ನುವವನ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ. ಹನ್ನೊಂದನೇ ದಿನ ಹೋದ. ಮಣ್ಣಿಗೆ ಒಯ್ಯುವ ಮೊದಲು ಗ್ಯಾನಪ್ಪ ನೀರಿನ ಬಟ್ಟಲು ಹಿಡಿದು ಹನುಮಂತಪ್ಪನ ಮುಂದೆ ಕೂತ. ತೆಗೆಯಲು ಹನ್ನೊಂದು ದಿನದ ಕುರುಚಲು ಬಿಟ್ಟರೆ ಏನೂ ಇರಲಿಲ್ಲ. ಹಿಂದೆ ಹೆಂಗಸರು ಪಿಸುಗುಟ್ಟಿದರು: "ಇವ ಮೊದಲ ತಗಸಿ ಅಪ್ಪನ್ನ ಕರದು ಕಳಿಸಿದ್ನವಾ." ವಿರುಪಣ್ಣ ಮಾಲೆ ತಂದಿದ್ದ. ಹಾಕಿ, ಕೈ ಮುಗಿದು, "ವಯಸ್ಸು ಆಗಿತ್ತು ಬಿಡಪ್ಪ," ಎಂದು ಹನುಮಂತಪ್ಪನ ಬೆನ್ನು ತಟ್ಟಿದ. ಆ ತಟ್ಟಿದ ಕೈಯನ್ನು ಗಾಳೇಶ ನೋಡಿದ. ಹನುಮಂತಪ್ಪ ಅಂದಿನಿಂದ ಟವೆಲ್ಲನ್ನು ಮೂಗಿನ ಕೆಳಗೆ ಸುತ್ತಿಕೊಂಡು ಓಡಾಡತೊಡಗಿದ. ಹೋಟೆಲಿನ ದಾರಿ ಬಿಟ್ಟ.

ಆಗ ಗಾಳೇಶನಿಗಿದ್ದದ್ದು ಬರೀ ಸಂಕಟ. ಸೇಡಿಗೆ ಒಂದು ಹಿಡಿಕೆ ಬೇಕಲ್ಲ, ಅದು ಸಿಕ್ಕಿರಲಿಲ್ಲ. ಪಣ ಪಣವೇ, ಸೋತದ್ದು ಸೋತದ್ದೇ.

ಹಿಡಿಕೆ ಸಿಕ್ಕಿದ್ದು ಒಂದು ಹಲ್ಲಿನಿಂದ.

ಮೇ ತಿಂಗಳ ಒಂದು ಬೆಳಗಿನ ಜಾವ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅಡ್ಡ ವೈರನ್ನು ಎಳೆದುಕೊಂಡು ಹೋಯಿತು. ಸರಿಮಾಡಲು ಗಾಳೇಶ ಆರಕ್ಕೇ ಎದ್ದು ಏಣಿ ತರಲು ಡಿಶ್ ಖೋಲಿಯ ಹಿಂದೆ ಹೋದ. ಒಳಗೆ ಗಂಟೆಯ ಸದ್ದಿಲ್ಲ, ಮಂತ್ರವಿಲ್ಲ. ಸಾವಿರಾರು ಮಂದಿ ಒಟ್ಟಿಗೆ ಕೂಗುವ ಸದ್ದು. ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟ. ಲುಂಗಿ ಉಟ್ಟು, ಚಕ್ಕಳಮಕ್ಕಳ ಹಾಕಿಕೊಂಡು ವಿರುಪಣ್ಣ ಟಿವಿ ಮುಂದೆ ಕೂತಿದ್ದ. ಟಿವಿಯಲ್ಲಿ ಕೆಂಪು ಗಡ್ಡದ ಆಟಗಾರನೊಬ್ಬನ ಬಾಯಿಗೆ ಕೋಲು ಬಡಿದು ಒಂದು ಹಲ್ಲು ಬರ್ಫದ ಮೇಲೆ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿ, ಕಡಲೆಕಾಳು ಕೊಟ್ಟ ಹಾಗೆ ಪಕ್ಕದವನ ಕೈಗೆ ಕೊಟ್ಟು ಮತ್ತೆ ಆಡಲು ಹೋದ.

ಸಂಜೆ ಐದಕ್ಕೆ ಹೋಟೆಲಿನಲ್ಲಿ ಅದೇ ಕೆಂಪು ಗಡ್ಡ. ಅದೇ ಕೋಲು. ಅದೇ ಹಲ್ಲು ಬಿತ್ತು, ಅದೇ ರೀತಿ ಅವನು ಬಗ್ಗಿ ಎತ್ತಿಕೊಟ್ಟ. ಬೆಂಚಿನವರು "ಅಯ್ಯಯ್ಯೋ" ಎಂದರು. ಎಲ್ಲರಿಗಿಂತ ಜೋರಾಗಿ ಅಯ್ಯಯ್ಯೋ ಎಂದದ್ದು ವಿರುಪಣ್ಣ.

ಒಂದೇ ಹಲ್ಲು ಎರಡು ಸಲ ಹೇಗೆ ಬೀಳುತ್ತದೆ?

ಗಾಳೇಶನ ಕೈಯ ಚಹಾ ಬಟ್ಟಲು ಹಾಗೇ ನಿಂತಿತು. ಆಟ ನಿಜವಾಗಿ ನಡೆಯುವುದು ನಮ್ಮ ಬೆಳಗಿನ ಜಾವ. ಸಂಜೆಯದು ಅದನ್ನೇ ಮತ್ತೆ ಹಾಕುವುದು. ಬೆಳಿಗ್ಗೆ ನೋಡಿ, ಗೆದ್ದವರು ಯಾರೆಂದು ತಿಳಿದು, ಸಂಜೆ ಬಂದು ಪಣ ಕಟ್ಟುವುದು. ಕ್ರಿಕೆಟ್ ಮೇಲೆ ಈ ಮನುಷ್ಯ ಪಣ ಕಟ್ಟದಿದ್ದುದು ಯಾಕೆಂದು ಈಗ ತಿಳಿಯಿತು. ಕ್ರಿಕೆಟ್ ಸುದ್ದಿ ರೇಡಿಯೋ ಹೇಳುತ್ತದೆ, ಪೇಪರು ಬರೆಯುತ್ತದೆ. ಬರ್ಫದ ಆಟದ ಸುದ್ದಿ ಸಿದ್ದಾಪುರದಲ್ಲಿ ಯಾರು ಹೇಳಬೇಕು? ಅಂದರೆ ಅಪ್ಪ ಸೋತಿರಲಿಲ್ಲ. ಅಪ್ಪನ ಮೀಸೆಯನ್ನು ಕದ್ದಿದ್ದರು.

ಮೊದಲು ಅವನ ಕೈ ಹೋದದ್ದು ಸೊಂಟದ ಇಕ್ಕಳಕ್ಕೆ. ಅಲ್ಲೇ ಆ ಬಾಯಿಯ ಹಲ್ಲನ್ನು ಎರಡೆರಡು ಸಲ ಬೀಳಿಸಬೇಕೆನಿಸಿತು. ಆದರೆ ಹೊಡೆದರೆ ಏನಾಗುತ್ತದೆ? ವಿರುಪಣ್ಣನಿಗೆ ಹೊಲಿಗೆ ಬೀಳುತ್ತದೆ, ಗಾಳೇಶ ಒಳಗೆ ಹೋಗುತ್ತಾನೆ, ಊರು ಪಾಪ ಎನ್ನುವುದು ವಿರುಪಣ್ಣನಿಗೆ. ಹೇಳಿದರೆ ಯಾರು ನಂಬಬೇಕು? ಕಂಬ ಹತ್ತುವ ಹುಡುಗನ ಮಾತು. ಬೇಡ. ಅವನ ಬಾಯಿಂದಲೇ ನಲವತ್ತು ಜನರ ಮುಂದೆ "ನಾನು ಬೆಳಿಗ್ಗೆ ನೋಡಿದ್ದೆ" ಎಂದು ಬರಬೇಕು. ಬಾರದಿದ್ದರೆ ಮೀಸೆ ಕೊಡಬೇಕು. ವಿರುಪಣ್ಣನ ಅಪ್ಪ ಗದ್ದೆಪ್ಪ ಇನ್ನೂ ಇದ್ದ. ಎಂಬತ್ತು ದಾಟಿದ ಮುದುಕ, ಹೋಟೆಲಿನ ಎದುರಿನ ತನ್ನ ಮನೆಕಟ್ಟೆಯ ಮೇಲೆ ದಿನಾ ಕೂಡುತ್ತಿದ್ದ, ಅಜ್ಜನ ವಾರಿಗೆಯ ಗೆಣೆಕಾರ. ಹಾಗಿದ್ದರೆ ಅವನೂ ಒಂದು ಸಲ ಕೇಳಲಿ: ಯಾರು ಸತ್ತಾರೋ, ನಾನಾ?

ಗಾಳೇಶ ಕಾದ. ಇಕ್ಕಳ ಸೊಂಟದಲ್ಲೇ ಇಟ್ಟುಕೊಂಡು, "ಹೂಂ ಅಣ್ಣಾ, ಆತು ಅಣ್ಣಾ" ಎನ್ನುತ್ತ ಕಾದ. ಕಾಯುತ್ತ ಆಟವನ್ನು ಕಲಿತ. ಕೊನೆಗೆ ಉಳಿಯುವ ಎರಡು ತಂಡಗಳು ಒಂದೇ ಆಟ ಆಡಿ ಮುಗಿಸುವುದಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಅವರವರೇ ಮತ್ತೆ ಮತ್ತೆ ಆಡುತ್ತಾರೆ, ಯಾರು ಮೊದಲು ನಾಲ್ಕು ಗೆಲ್ಲುತ್ತಾರೋ ಅವರದು ಬೆಳ್ಳಿ ಬಟ್ಟಲು. ಮೊದಲೆರಡು ಆಟ ಒಬ್ಬರ ಊರಲ್ಲಿ, ಮೂರು ನಾಲ್ಕನೆಯವು ಇನ್ನೊಬ್ಬರ ಊರಲ್ಲಿ. ಊರು ಬದಲಾದರೆ ಅಂಗಿಯ ಬಣ್ಣ ಬದಲು. ಅಂದರೆ ಮೂರನೆಯ ಆಟಕ್ಕೂ ನಾಲ್ಕನೆಯದಕ್ಕೂ ಅದೇ ಜನ, ಅದೇ ಅಂಗಿ, ಅದೇ ಬರ್ಫ. ಒಂದನ್ನು ಇನ್ನೊಂದೆಂದು ತೋರಿಸಿದರೆ ಸಿದ್ದಾಪುರದಲ್ಲಿ ಗುರುತು ಹಿಡಿಯುವವನು ಒಬ್ಬನೇ. ಅವನಿಗೆ ಗುರುತು ಸಿಕ್ಕರೂ ಹೇಳುವ ಹಾಗಿಲ್ಲ.

ಆ ವರ್ಷ ಕೊನೆಗೆ ಉಳಿದವರ ಒಂದು ಕಡೆಯ ಎದೆಯ ಮೇಲೆ ಹದ್ದು, ಇನ್ನೊಂದು ಕಡೆಯ ಎದೆಯ ಮೇಲೆ ಕರಡಿ. ಮೂರನೇ ಆಟ ಭಾನುವಾರ ಬಂತು, ಕರಡಿಯವರ ಊರಲ್ಲಿ. ಸಂಜೆ ಐದಕ್ಕೆ ಸರಿಯಾಗಿ ಊರಿನ ಅಷ್ಟೂ ಟಿವಿಗಳು ಬರೀ ಚುಕ್ಕಿ ತೋರಿಸಿದವು. ಹೋಟೆಲಿನಿಂದ ವಿರುಪಣ್ಣ ಬೈಯುತ್ತ ಆಳು ಕಳಿಸಿದ.

"ಮಂಗ್ಯಾ ವೈರ್ ಹರದಾವಣ್ಣ," ಎಂದು ಗಾಳೇಶ ಹೇಳಿ ಕಳಿಸಿದ. "ಆನೆಗೊಂದಿ ಕಡಿಂದ ಒಂದು ಹಿಂಡು ಬಂದೈತಿ. ತಾಸೆರಡು ತಾಸು ಬೇಕು."

ಮಂಗಗಳ ಮೇಲೆ ಹೇಳಿದ ಮಾತನ್ನು ಆ ಭಾಗದಲ್ಲಿ ಯಾರೂ ಅನುಮಾನಿಸುವುದಿಲ್ಲ. ವೈರನ್ನು ಬಿಚ್ಚಿದ್ದು ಗಾಳೇಶನ ಇಕ್ಕಳ. ಖೋಲಿಯ ಒಳಗೆ ಸಿನಿಮಾದ ವಿಸಿಆರ್ ಮೂರನೇ ಆಟವನ್ನು ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿತ್ತು. ಶುರುವಿನ ಇಂಗ್ಲಿಷ್ ಅಕ್ಷರ, ಮಾತುಕತೆ ಎಲ್ಲ ಬಿಟ್ಟು ಬಿಲ್ಲೆ ನೆಲಕ್ಕೆ ಬಿದ್ದಲ್ಲಿಂದ. ಆ ಆಟ ಗೆದ್ದದ್ದು ಹದ್ದು.

ಮಂಗಳವಾರ ನಾಲ್ಕನೇ ಆಟ. ಅದನ್ನು ಕರಡಿ ಗೆಲ್ಲಲೇಬೇಕಿತ್ತು. ಹದ್ದೇ ಮತ್ತೆ ಗೆದ್ದರೆ ಕ್ಯಾಸೆಟ್ಟು ಕಸ. ಬೆಳಗಿನ ಐದೂವರೆಯಿಂದ ಗಾಳೇಶ ಖೋಲಿಯ ಹಿಂದಿನ ಕಿಟಕಿಯ ಸಂದಿಗೆ ಕಣ್ಣು ಹಚ್ಚಿ ನಿಂತ. ಎರಡು ತಿಂಗಳಿಂದ ಆ ಆಟದಲ್ಲಿ ಯಾರು ಗೆದ್ದರೂ ಅವನಿಗೆ ಒಂದೇ ಆಗಿತ್ತು. ಈಗ ಕರಡಿಯ ಒಂದೊಂದು ಹೊಡೆತವನ್ನೂ ಎಣಿಸುತ್ತಿದ್ದ. ಹೊತ್ತು ಮುಗಿದರೂ ಇಬ್ಬರೂ ಸಮ ಸಮ. ಇನ್ನು ಮೊದಲು ಯಾರು ಒಂದು ಗೋಲು ಹೊಡೆಯುತ್ತಾರೋ ಅವರದು. ಹುಲಿಗೆಮ್ಮಗೆ ಹರಕೆ ಹೊತ್ತ. ಹದ್ದಿನವನೊಬ್ಬ ಹೊಡೆದ ಬಿಲ್ಲೆ ಕಂಬಕ್ಕೆ ಬಡಿದು ಠಣ್ ಎಂದಾಗ ಅವನ ಎದೆಯೂ ಹಾಗೇ ಎಂದಿತು. ಬಿಸಿಲು ಏರಿ ಬೆನ್ನು ಸುಡತೊಡಗಿದ ಹೊತ್ತಿಗೆ, ಎಂಟರ ಮೇಲೆ, ಗೋಡೆಗೆ ಬಡಿದು ಹೊರಳಿದ ಬಿಲ್ಲೆಯನ್ನು ಮುದುಕನ ಹಾಗಿದ್ದ ಕರಡಿಯವನೊಬ್ಬ ಬೀಳುತ್ತ ಬೀಳುತ್ತ ಒಳಗೆ ತಳ್ಳಿದ.

ಖೋಲಿಯಿಂದ ವಿರುಪಣ್ಣ ಮೀಸೆ ತಿರುವುತ್ತ ಹೊರಬಂದ. "ಏನಲೇ ಗಾಳ್ಯಾ, ಇಷ್ಟು ಲಗೂನ?"

"ಪೂಜಿ ಆತೇನಣ್ಣ?"

"ಆತು ಆತು. ದೇವರು ಇವತ್ತು ಛಲೋ ಪ್ರಸಾದ ಕೊಟ್ಟಾನ."

ಮನೆಗೆ ಹೋಗಿ ಗಾಳೇಶ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅಪ್ಪಾ, ಸಂಜಿಕ ಹೋಟೆಲಿಗೆ ಬಾ. ಯಾಕಂತ ಕೇಳಬ್ಯಾಡ." ಹನುಮಂತಪ್ಪ ಮಗನ ಮುಖ ನೋಡಿದ, ಕೇಳಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಹೋಟೆಲು ತುಂಬಿತ್ತು. ಗಾಳೇಶ ಎದ್ದು ನಿಂತ. "ವಿರುಪಣ್ಣ, ಇವತ್ತು ನಾ ಕಟ್ಟತೀನಿ. ಮೀಸಿಗೆ ಮೀಸಿ."

ವಿರುಪಣ್ಣ ನಕ್ಕು ಹೊಟ್ಟೆ ಹಿಡಿದುಕೊಂಡ. "ನಿನ್ನ ಮೀಸ್ಯಾಗ ಎಷ್ಟು ಕೂದಲ ಅದಾವಲೇ? ಗ್ಯಾನಪ್ಪ, ಎಣಿಸಿ ಹೇಳು."

"ಮೀಸಿ ಜೋಡಿ ತಲಿ, ಹುಬ್ಬು. ಎಲ್ಲಾ ಬೋಳಿಸ್ಕೊಂಡು ನಿನ್ನ ಮನಿ ಮುಂದ ಮೂರು ದಿನ ಕೂಡತೀನಿ. ಯಾಕ, ಅಂಜಿಕಿ ಬಂತೇನು? ನೀನ ಮೊದಲು ಆರಿಸು."

"ಅಪ್ಪಂದು ಹೋತು, ಮಗಂದೂ ಬೇಕಂತ. ಆತು ಬಿಡು. ಕರಡಿ ನಂದು."

"ಹದ್ದು ನಂದು."

ಮೆಹಬೂಬಸಾಬ ಇಬ್ಬರ ಕೈ ಸೇರಿಸಿ ಮೇಲೊಂದು ಕೈ ಇಟ್ಟ. ಗಾಳೇಶ "ಒಂದು ನಿಮಿಷ, ಆಟದ ಹೊತ್ತಾತು, ವೈರ್ ನೋಡಿ ಬರ್ತೀನಿ" ಎಂದು ಓಡಿದ. ಖೋಲಿಯಲ್ಲಿ ಡಿಶ್ಶಿನ ವೈರು ಕಿತ್ತ, ವಿಸಿಆರಿನ ವೈರು ಸಿಕ್ಕಿಸಿದ, ಕ್ಯಾಸೆಟ್ಟು ಒತ್ತಿದ, ಬೀಗ ಹಾಕಿ ಕೀಲಿಯನ್ನು ಒಳ ಜೇಬಿಗೆ ಇಳಿಸಿದ. ವಾಪಸು ಬರುವಾಗ ಬೇವಿನ ಮರದ ಹತ್ತಿರ ಅಪ್ಪ ನಿಂತಿದ್ದ, ಮೂಗಿನ ಕೆಳಗೆ ಟವೆಲ್ಲು.

ಮೊದಲ ಕಾಲು ತಾಸು ವಿರುಪಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು ಮಿರ್ಚಿ ತಿಂದ. ಆಮೇಲೆ ಕರಿಬಿಳಿ ಪಟ್ಟೆ ಅಂಗಿಯ, ತೀರ್ಪು ಕೊಡುವ ಪಂಚನೊಬ್ಬ ಬಿಲ್ಲೆ ತಪ್ಪಿಸಲು ಹೋಗಿ ಜಾರಿ ಕುಂಡಿಯ ಮೇಲೆ ಕೂತ. ಹೋಟೆಲು ಬಿದ್ದು ಬಿದ್ದು ನಕ್ಕಿತು. ವಿರುಪಣ್ಣ ನಗಲಿಲ್ಲ. ಅವನ ಕೈಯ ಮಿರ್ಚಿ ಬಾಯಿಯ ಹತ್ತಿರ ನಿಂತಿತು.

"ಇದು ಮೊನ್ನಿ..." ಎಂದ. ಅಲ್ಲಿಗೇ ನಿಂತ.

"ಮೊನ್ನಿ ಏನಣ್ಣ?" ಗಾಳೇಶ ಪಕ್ಕದಲ್ಲೇ ಕೂತಿದ್ದ. "ಮೊನ್ನಿ ಮಂಗ್ಯಾ ವೈರ್ ಹರದಿದ್ವಲ್ಲ. ಊರಾಗ ಯಾರೂ ನೋಡಿಲ್ಲ. ನೀ ಎಲ್ಲಿ ನೋಡಿದಿ?"

ವಿರುಪಣ್ಣ ಅವನ ಕಡೆ ತಿರುಗಿದ. ನಿಧಾನಕ್ಕೆ, ಬಾವಿಗೆ ಬಿದ್ದವನಿಗೆ ತಳ ತಗಲುವ ಹಾಗೆ, ಎಲ್ಲ ತಿಳಿಯಿತು. ಗಾಳೇಶ ನಕ್ಕ. ಎರಡು ತಿಂಗಳಲ್ಲಿ ಅದು ಮೊದಲ ನಗು.

"ಪಿಕ್ಚರ್ ಯಾಕೋ ಸರಿ ಇಲ್ಲ," ಎಂದು ವಿರುಪಣ್ಣ ಎದ್ದ. "ಖೋಲಿಗೆ ಹೋಗಿ ಬರ್ತೀನಿ."

"ಏ ಕುಂದರೋ ವಿರುಪಣ್ಣ," ಎಂದ ಮೆಹಬೂಬಸಾಬ ಒಲೆಯ ಹಿಂದಿನಿಂದ. "ಪಣ ಕಟ್ಟಿದಾವ ಆಟ ಮುಗಿಯೂತನ ಬೆಂಚು ಬಿಡಂಗಿಲ್ಲ. ನೀನ ಮಾಡಿದ ಕಾಯ್ದೆ. ಪಿಕ್ಚರ್ ಬೆಣ್ಣಿ ಇದ್ದಂಗ ಐತಿ."

ಕೂತ. ಮುಂದಿನ ಎರಡು ತಾಸು ಗಾಳೇಶ ಟಿವಿ ನೋಡಲೇ ಇಲ್ಲ. ಅವನು ನೋಡಿದ್ದು ವಿರುಪಣ್ಣನ ಮುಖವನ್ನು. ಆ ಹೋಟೆಲಿನಲ್ಲಿ ಮುಂದೇನಾಗುತ್ತದೆಂದು ಗೊತ್ತಿದ್ದವರು ಆ ಇಬ್ಬರೇ. ಹದ್ದಿನ ಪ್ರತಿ ಗೋಲಿಗೂ ಮೊದಲೇ ವಿರುಪಣ್ಣನ ಕಣ್ಣು ಮುಚ್ಚುತ್ತಿದ್ದವು. ಹಣೆಯಿಂದ ಬೆವರು ಇಳಿದು ಮೀಸೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತಿತ್ತು. ಒಂದು ಸಲ ಮೆಲ್ಲಗೆ, ತುಟಿ ಅಲುಗಿಸದೆ, "ಗಾಳ್ಯಾ, ಏನು ಬೇಕು ಹೇಳಲೇ," ಎಂದ. "ನಿನಗ ಗೊತ್ತೈತಿ," ಎಂದ ಗಾಳೇಶ, "ಎದ್ದು ನಿಂತು ಹೇಳಿಬಿಡು. ಮೀಸಿ ಉಳಿತೈತಿ." ವಿರುಪಣ್ಣ ನಲವತ್ತು ತಲೆಗಳನ್ನು ನೋಡಿದ. ಕತ್ತೆ ಹಾಗೆ ಕೂಗಿದವರು, ಅವನನ್ನು ಹೊತ್ತು ತಿರುಗಿದವರು, ಎಲ್ಲರೂ ಅಲ್ಲೇ ಇದ್ದರು. ಬಾಯಿ ಮುಚ್ಚಿಕೊಂಡ.

ಹದ್ದು ಗೆದ್ದಿತು. ಹೋಟೆಲು ಹುಚ್ಚೆದ್ದು ಕೂಗಿತು. ಗ್ಯಾನಪ್ಪನ ಪೆಟ್ಟಿಗೆ ಬಂತು. ಅದೇ ಬೇವಿನ ಮರ, ಅದೇ ಕಲ್ಲು. ಗ್ಯಾನಪ್ಪ ನೀರು ಹಚ್ಚಿ ತಿಕ್ಕಿ, ಕತ್ತಿ ಮಸೆದು, ಬಲಗಡೆಯಿಂದ ಶುರು ಮಾಡಿದ. ಕೂದಲು ಕಪ್ಪಗೆ ತೊಡೆಯ ಮೇಲೆ ಬಿದ್ದವು. ಬಲಗಡೆ ಮುಗಿಯುವಷ್ಟರಲ್ಲಿ ಗದ್ದಲ ಕೇಳಿ ಎದುರಿನ ಕಟ್ಟೆಯಿಂದ ಗದ್ದೆಪ್ಪ ಕೋಲೂರಿಕೊಂಡು ಬಂದ. ಜನ ದಾರಿ ಬಿಟ್ಟರು. ಮುದುಕ ಮಗನ ಮುಖಕ್ಕೆ ಮುಖ ತಂದು ನೋಡಿದ.

"ಏನಲೇ ಗ್ಯಾನ್ಯಾ. ಯಾರು ಸತ್ತಾರ? ನಾನಾ?"

ಕತ್ತಿ ನಿಂತಿತು. ಗಾಳೇಶನ ಮೈಯ ರೋಮವೆಲ್ಲ ಎದ್ದವು. ಆ ಮಾತನ್ನು ಯಾರೂ ಮುದುಕನಿಗೆ ಹೇಳಿಕೊಟ್ಟಿರಲಿಲ್ಲ.

ವಿರುಪಣ್ಣ ಕಲ್ಲಿನಿಂದ ದಡಕ್ಕನೆ ಎದ್ದ. "ಎಪ್ಪಾ, ಇಲ್ಲೋ ಎಪ್ಪಾ! ಮೋಸ ಐತಿ ಇದು! ಹಳೇ ಆಟ ಹಾಕ್ಯಾನ ಸೂಳೆಮಗ. ಇವತ್ತಿಂದು ಕರಡಿ ಗೆದ್ದೈತಿ, ನಾ ಮುಂಜಾನಿನ ನೋಡೀನಿ!"

ನೆರೆದವರೆಲ್ಲ ಒಂದು ಹೆಜ್ಜೆ ಹತ್ತಿರ ಸರಿದರು.

"ಮುಂಜಾನಿ ನೋಡೀಯಾ?" ಎಂದ ಗ್ಯಾನಪ್ಪ, ಒಂದೊಂದೇ ಅಕ್ಷರ ತೂಗುತ್ತ. "ಬರ್ಪು ಕರಗತೈತಿ ಅಂದಿದ್ದಿ. ಹಂಗಾದ್ರ ಹನುಮಂತಪ್ಪಣ್ಣನ ಮೀಸಿ ತಗದ ದಿನಾನೂ ನೀ ಮುಂಜಾನಿ ನೋಡಿದ್ದೇನು?"

ವಿರುಪಣ್ಣ ಗಾಳೇಶನ ಕಡೆ ಬೆರಳು ಮಾಡಿದ. "ಕ್ಯಾಸೆಟ್ ಹಾಕಿದಾವ ಇವ! ಇವನ್ನ ಕೇಳ್ರಿ!"

"ಹೌದು, ನಾನ ಹಾಕೀನಿ," ಎಂದ ಗಾಳೇಶ. "ನೀನು ಮುಂಜಾನಿದು ಸಂಜಿಗೆ ಮಾರಿದಿ. ನಾನು ಮೊನ್ನಿದು ಇವತ್ತಿಗೆ ಮಾರೀನಿ. ಇನ್ನೊಂದು ಕಡಿದೂ ತಗಿ ಗ್ಯಾನಪ್ಪಣ್ಣ."

ಗ್ಯಾನಪ್ಪ ಕತ್ತಿ ಹಿಡಿದುಕೊಂಡು ಗಾಳೇಶನನ್ನು ನೋಡಲಿಲ್ಲ, ಮರದ ಹತ್ತಿರ ನಿಂತ ಹನುಮಂತಪ್ಪನನ್ನು ನೋಡಿದ. "ಏನ್ ಮಾಡ್ಲಿ ಅಣ್ಣಾ? ಅರ್ಧ ಉಳದೈತಿ."

ಹನುಮಂತಪ್ಪ ಮುಂದೆ ಬಂದ. ಎಲ್ಲರ ಮುಂದೆ ಮೂಗಿನ ಕೆಳಗಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ಅಲ್ಲಿ ಹೊಸ ಮೀಸೆ ಗಿಡ್ಡಗೆ, ಒರಟಾಗಿ ನಿಂತಿತ್ತು, ಅರ್ಧಕ್ಕರ್ಧ ಬಿಳಿ.

"ಬಿಡು," ಎಂದ. "ತಗದದ್ದು ನಮ್ಮಪ್ಪನ ಪಾಲಿಂದು. ಉಳದದ್ದು ಅವ್ರಪ್ಪನ ಪಾಲಿಂದು. ಅವ್ರಪ್ಪ ಹೋದಾಗ ತಗಸ್ಲಿ. ಅಲ್ಲೀತನ ಹಂಗ ತಿರುಗ್ಲಿ."

ಯಾರೂ ನಗಲಿಲ್ಲ. ವಿರುಪಣ್ಣ ಅರ್ಧ ಮೀಸೆಯ ಮೇಲೆ ಅಂಗೈ ಮುಚ್ಚಿಕೊಂಡು ಮನೆ ಕಡೆ ನಡೆದ. ಗದ್ದೆಪ್ಪ ಮಗನ ಹಿಂದೆ ಹೋಗಲಿಲ್ಲ. ಕಟ್ಟೆಗೆ ಹೋಗಿ ಕೂತ.

ಅರ್ಧ ಮೀಸೆ ಇಟ್ಟುಕೊಂಡು ಯಾವ ಗಂಡಸು ತಿರುಗಿಯಾನು? ಮರುದಿನ ಬೆಳಿಗ್ಗೆ ವಿರುಪಣ್ಣನ ಮುಖ ಬೋಳಾಗಿತ್ತು. ಉಳಿದರ್ಧವನ್ನು ಅವನು ತಾನೇ, ತನ್ನ ಕೈಯಿಂದ, ಅಪ್ಪ ಬದುಕಿರುವಾಗಲೇ ತೆಗೆದುಕೊಂಡಿದ್ದ. ಗದ್ದೆಪ್ಪ ಅವನ ಜೊತೆ ಮಾತು ಬಿಟ್ಟನೆಂದು ಸುದ್ದಿಯಾಯಿತು. ಖೋಲಿಯ ಕೀಲಿ ವಿರುಪಣ್ಣನ ಮೈದುನನ ಕೈಗೆ ಹೋಯಿತು, ಗಾಳೇಶನ ಕೆಲಸ ಹೋಯಿತು. ಊರು ಈಗ ಬೆಳಿಗ್ಗೆ ಐದಕ್ಕೇ ಕೇಬಲ್ ಬಿಡಬೇಕೆಂದು ಹಟ ಹಿಡಿಯಿತು, ಕಣ್ಣುಜ್ಜುತ್ತ ಬಂದು ನಿಜವಾದ ಆಟ ನೋಡಿತು.

ಏಳನೆಯ ಆಟದ ಬೆಳಿಗ್ಗೆ ಗಾಳೇಶನೂ ಬೆಂಚಿನ ಮೇಲಿದ್ದ. ಆಟ ಮುಗಿದ ಮೇಲೆ ಟಿವಿಯಲ್ಲಿ ಅವನು ಹಿಂದೆ ಗಮನಿಸದಿದ್ದ ಒಂದು ಸಂಗತಿ ನಡೆಯಿತು. ಗೆದ್ದವರೂ ಸೋತವರೂ ಎದುರುಬದುರು ಸಾಲಾಗಿ ಬಂದು ಒಬ್ಬೊಬ್ಬರಾಗಿ ಕೈ ಕುಲುಕಿದರು. ಮೂಗು ಒಡೆದವನು ಒಡೆಸಿಕೊಂಡವನ ಭುಜ ತಟ್ಟಿದ.

"ನೋಡಲೇ ಗಾಳೇಶ," ಎಂದ ಮೆಹಬೂಬಸಾಬ. "ಅಷ್ಟು ಬಡದಾಡಿ ಕಡೀಕ ಹೆಂಗ ಕೈ ಕೊಡ್ತಾರ."

"ಅವರ ಮನ್ಯಾಗ ಯಾರೂ ಸತ್ತಿಲ್ಲ ಕಾಕಾ," ಎಂದು ಗಾಳೇಶ ಎದ್ದು ಟಿವಿ ಆರಿಸಿದ. ಬೆಂಚಿನವರು ಬೈದರು. ಅವನು ಹೊರಗೆ ನಡೆದ.

ಅವನಿಗೆ ಬೇರೆ ಲೆಕ್ಕವಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಗದ್ದೆಪ್ಪನ ಕಟ್ಟೆಯ ಮುಂದೆ ಹಾಯ್ದು ಹೋಗುತ್ತಿದ್ದ. ಮುದುಕ ಕೂತಿದ್ದಾನೋ ಇಲ್ಲವೋ. ಮೂರನೇ ದಿನ ಕೂತಿದ್ದ. ಏಳನೇ ದಿನ ಕೂತಿದ್ದ, ಸ್ವಲ್ಪ ಸೊರಗಿದ ಹಾಗೆ ಕಂಡ. ಅವತ್ತು ಗಾಳೇಶನಿಗೆ ಹಸಿವಾಗಿ ಎರಡು ರೊಟ್ಟಿ ಹೆಚ್ಚು ಸೇರಿದವು. ಹತ್ತನೇ ದಿನ ಕಟ್ಟೆ ಖಾಲಿ ಇತ್ತು. ಎದೆ ಧಸಕ್ಕೆಂದಿತು, ಆದರೆ ಮುದುಕ ಬಯಲಕಡೆಗೆ ಹೋಗಿದ್ದನಷ್ಟೆ. ಹನ್ನೊಂದನೇ ದಿನ ಗಾಳೇಶ ಮೂರು ಸಲ ಹಾಯ್ದು ಹೋದ. ಮೂರು ಸಲವೂ ಕೂತಿದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಗದ್ದೆಪ್ಪ ಬಸಿಯಲ್ಲಿ ಚಹಾ ಸುರುವಿಕೊಂಡು ಆರಿಸುತ್ತಿದ್ದ. ತಲೆ ಎತ್ತದೆ ಕೇಳಿದ:

"ಎಷ್ಟನೇ ದಿನಲೇ ಇವತ್ತು?"

"ಹನ್ನೆರಡು," ಎಂದುಬಿಟ್ಟ ಗಾಳೇಶ.

"ಹೌದು. ನಾನೂ ಎಣಿಸಾಕತ್ತಿದ್ದೆ." ಮುದುಕ ಸೊರ್ರನೆ ಒಂದು ಗುಟುಕು ಎಳೆದ. "ನಿಮ್ಮಜ್ಜ ಭಾಳ ಸೆಟವಿನ ಮನುಷ್ಯ, ಹಟ ಹಿಡಿದ್ರ ಬಿಡಾವಲ್ಲ. ನನಗ ಅಷ್ಟು ಸೆಟವಿಲ್ಲ, ಚಹಾ ಬಿಡಾಕ ಆಗಂಗಿಲ್ಲ. ಇನ್ನ ನಾಳಿಂದ ಬರಬ್ಯಾಡ ಹೋಗು."

ಗಾಳೇಶ ಆ ಬಸಿಯನ್ನು ನೋಡಿದ, ಅದನ್ನು ಹಿಡಿದ ನಡುಗದ ಕೈಯನ್ನು ನೋಡಿದ. ಒಳಗಿನ ಬಾಗಿಲ ಹಿಂದೆ ವಿರುಪಣ್ಣನ ಬೋಳು ಮುಖ ಒಮ್ಮೆ ಕಂಡು ಮರೆಯಾಯಿತು.

"ಬರ್ತೀನಿ," ಎಂದ ಗಾಳೇಶ. "ನಾಳಿನೂ ಬರ್ತೀನಿ."